ಮಧುಮೇಹ: ರೋಗಿಯೂ ಚಿಕಿತ್ಸೆಯ ಪಾಲುಗಾರ

ರೋಗಗಳಲ್ಲಿ ಬಂದು ಹೋಗುವಂಥವು ಕೆಲವು, ಬಂದು ನೆಲೆಸುವಂಥವು ಕೆಲವು. ವಿಷಮಶೀತಜ್ವರ ಬಂದವನು ವೈದ್ಯರು ಕೊಟ್ಟ ಔಷಧವನ್ನು ಹೇಳಿದಷ್ಟು ದಿನ ಸೇವಿಸಿದರೆ ಸಾಮಾನ್ಯವಾಗಿ ಗುಣ ಹೊಂದುತ್ತಾನೆ. ಮಧುಮೇಹವಾದರೋ ಹೆಚ್ಚಿನವರಿಗೆ ಜೀವನವಿಡೀ ಜೊತೆಗಿರುವ ರೋಗ. ಮೂರು ತಿಂಗಳಿಗೊಮ್ಮೆ ಕಾಲು ಗಂಟೆ ವೈದ್ಯರನ್ನು ಕಂಡರೆ ವರ್ಷಕ್ಕೆ ಒಂದು ಗಂಟೆಯಾಯಿತು. ವರ್ಷದಲ್ಲಿರುವುದು 8,760 ಗಂಟೆಗಳು. ಉಳಿದ ಅವಧಿಯಲ್ಲೆಲ್ಲ ಏನನ್ನು ಉಣ್ಣಬೇಕು, ಎಷ್ಟು ನಡೆಯಬೇಕು, ಗುಳಿಗೆಯನ್ನು ಮರೆಯದೆ ನುಂಗಬೇಕು ಎಂಬುದನ್ನು ನೋಡಿಕೊಳ್ಳುವವನು ರೋಗಿಯೇ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆ. ಹಳ್ಳಿಗಳಿಗಿಂತ ನಗರಗಳಲ್ಲಿ ಇದರ ಪ್ರಮಾಣ ಹೆಚ್ಚು. ಆದುದರಿಂದ ಮಹಾನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ವಿಷಯ ದೂರದ್ದಲ್ಲ.

ಅರಿವೇ ಔಷಧ

ಟೊರಾಂಟೊ ನಗರದಲ್ಲಿ ಇನ್ಸುಲಿನ್ ಶೋಧವಾದದ್ದು 1921ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ, 1918ರಲ್ಲಿ, ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್ ಅವರು ವೈದ್ಯ ಮತ್ತು ರೋಗಿ ಇಬ್ಬರ ಬಳಕೆಗೂ ಒದಗುವ ಕೈಪಿಡಿಯೊಂದನ್ನು ಹೊರತಂದಿದ್ದರು. ತನ್ನ ರೋಗವನ್ನು ಅರಿತವನೇ ಹೆಚ್ಚು ಕಾಲ ಬಾಳುತ್ತಾನೆಂಬುದು ಅವರ ದೃಢ ನಂಬಿಕೆಯಾಗಿತ್ತು.

ಈ ನಂಬಿಕೆಗೆ ಪುರಾವೆ ದೊರೆತದ್ದು 1993ರಲ್ಲಿ. ಇನ್ಸುಲಿನ್ ಇಲ್ಲದೆ ಬದುಕಲಾಗದ ಮೊದಲನೆಯ ಬಗೆಯ ಮಧುಮೇಹವಿದ್ದ 1,441 ಜನರ ಮೇಲೆ ಅಮೆರಿಕ ಮತ್ತು ಕೆನಡಾಗಳಲ್ಲಿ ದೀರ್ಘಕಾಲದ ಪರೀಕ್ಷೆ ನಡೆದಿತ್ತು. ದಿನಕ್ಕೆ ನಾಲ್ಕಾರು ಬಾರಿ ತಾವೇ ರಕ್ತ ಪರೀಕ್ಷಿಸಿಕೊಂಡು, ಅದಕ್ಕೆ ತಕ್ಕಂತೆ ಇನ್ಸುಲಿನ್ ಪ್ರಮಾಣವನ್ನು ಹೊಂದಿಸಿಕೊಂಡವರಲ್ಲಿ ಹೊಸದಾಗಿ ಕಣ್ಣಿನ ಅಕ್ಷಿಪಟಲ ಕೆಡುವ ಸಂಭವ ಶೇಕಡಾ 76ರಷ್ಟು ಇಳಿಯಿತು. ಆದರೆ ಅದೇ ಗುಂಪಿನಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿಯುವ ಪ್ರಸಂಗಗಳು ಸುಮಾರು ಮೂರು ಪಟ್ಟು ಹೆಚ್ಚಿದವು. ಆದ್ದರಿಂದ ಅಂಕಿಯನ್ನು ಇಳಿಸುವುದೊಂದೇ ಗುರಿಯಾಗಲಾರದು. ರೋಗಿಯ ವಯಸ್ಸು, ದುಡಿಮೆ, ನೆಮ್ಮದಿಗಳನ್ನು ನೋಡಿ ಗುರಿಯನ್ನು ಇಬ್ಬರೂ ಕೂಡಿ ಗೊತ್ತುಮಾಡಬೇಕು.

ಭಾಷೆಯ ತೊಡಕು

ಪರಭಾಷೆಯ ನಾಡಿನಲ್ಲಿ ಈ ಪಾಲುಗಾರಿಕೆಗೆ ಇನ್ನೊಂದು ಅಡ್ಡಿಯಿದೆ. ಧಾರವಾಡದ ಕಡೆಯಿಂದ ಪುಣೆಗೆ ಮಗನ ಮನೆಗೆ ಬಂದ ತಾಯಿ, "ಅಂಗಾಲು ಉರಿಯುತ್ತದೆ, ಹತ್ತಿಯ ಮೇಲೆ ನಡೆದಂತೆ ಆಗುತ್ತದೆ" ಎಂದು ಕನ್ನಡದಲ್ಲಿ ಹೇಳುತ್ತಾಳೆ. ಮಗ ಅದನ್ನು "ಕಾಲು ನೋವು" ಎಂದು ವೈದ್ಯರಿಗೆ ಮುಟ್ಟಿಸುತ್ತಾನೆ. ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತಿರುವ ಸುಳಿವು ಅಲ್ಲಿಯೇ ಉಳಿದುಹೋಗುತ್ತದೆ. ಸ್ಪರ್ಶವಿಲ್ಲದ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯದು; ಸಣ್ಣ ಗಾಯ ಹುಣ್ಣಾಗಿ, ಕೆಲವೊಮ್ಮೆ ಪಾದವನ್ನೇ ಕತ್ತರಿಸಬೇಕಾಗುತ್ತದೆ. ಆದ್ದರಿಂದ ಜೊತೆಗೆ ಹೋಗುವವರು ರೋಗಿಯ ಮಾತನ್ನು ಮೊಟಕುಗೊಳಿಸಬಾರದು. ಹೇಳಬೇಕಾದ ಮೂರು ನಾಲ್ಕು ಸಂಗತಿಗಳನ್ನು ಮೊದಲೇ ಚೀಟಿಯಲ್ಲಿ ಬರೆದೊಯ್ಯುವುದು ಲೇಸು. ವೈದ್ಯರು ಹೇಳಿದ್ದನ್ನು ರೋಗಿ ತನ್ನ ಮಾತಿನಲ್ಲಿ ಮರಳಿ ಹೇಳಿದರೆ, ತಿಳಿದದ್ದೆಷ್ಟು, ತಪ್ಪಿದ್ದೆಷ್ಟು ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಮನೆಯಲ್ಲಿ ನಡೆಯಬೇಕಾದದ್ದು

ಪ್ರತಿರಾತ್ರಿ ಪಾದಗಳನ್ನು ತೊಳೆದು, ಒರೆಸಿ, ಬೆರಳ ಸಂದುಗಳನ್ನು ನೋಡಬೇಕು. ಕಣ್ಣು ಮಂದವಿದ್ದವರಿಗೆ ಮನೆಯವರು ನೋಡಿಕೊಡಬೇಕು. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ವೈದ್ಯರ ಸೂಚನೆಯಂತೆ ಮಾಡಿಸಿ, ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಡಬೇಕು. ವರ್ಷಕ್ಕೊಮ್ಮೆ ಕಣ್ಣು, ಮೂತ್ರಪಿಂಡಗಳ ತಪಾಸಣೆ ಅಗತ್ಯ.

ಡೊಂಬಿವಲಿಯಿಂದ ಮುಂಬಯಿಯ ಕಚೇರಿಗೆ ರೈಲಿನಲ್ಲಿ ಹೋಗುವವನಿಗೆ ಊಟದ ಹೊತ್ತು ತಪ್ಪುವುದು ಸಹಜ. ಇನ್ಸುಲಿನ್ ಅಥವಾ ಕೆಲವು ಬಗೆಯ ಗುಳಿಗೆ ಸೇವಿಸುವವರಿಗೆ ಆಗ ಬೆವರು, ನಡುಕ, ಕಂಗಾಲು ತಲೆದೋರಬಹುದು. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಮೂರು ಟೀ ಚಮಚದಷ್ಟು ಸಕ್ಕರೆ ತಿಂದು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಜೇಬಿನಲ್ಲಿ ಸಕ್ಕರೆಯ ಪೊಟ್ಟಣವೂ ತಾನು ಮಧುಮೇಹಿ ಎಂಬ ಚೀಟಿಯೂ ಇರಲಿ. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕದೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಆಹಾರದ ವಿಷಯದಲ್ಲಿ ಭ್ರಮೆಗಳು ಹಲವು. ರಾಗಿ ಮುದ್ದೆಯನ್ನು ಎಷ್ಟು ತಿಂದರೂ ಬಾಧಕವಿಲ್ಲವೆಂಬುದು ಅವುಗಳಲ್ಲೊಂದು. ರಾಗಿಯಲ್ಲಿ ನಾರು ಹೆಚ್ಚಿದ್ದರೂ ಪಿಷ್ಟವೂ ಹೇರಳವಾಗಿದೆ. ಮಿತಿ ಅದಕ್ಕೂ ಉಂಟು. ಹಾಗೆಂದು ಯುಗಾದಿಯಂದು ಎಲ್ಲರೂ ಹೋಳಿಗೆ ಸವಿಯುವಾಗ ಒಬ್ಬನನ್ನು ಪಂಕ್ತಿಯಿಂದ ದೂರವಿಡುವುದೂ ತರವಲ್ಲ. ವೈದ್ಯರೊಡನೆ ಮೊದಲೇ ವಿಚಾರಿಸಿ, ಅನ್ನವನ್ನು ಕಡಿಮೆ ಮಾಡಿ ಅರ್ಧ ಹೋಳಿಗೆ ತಿಂದವನು, ಕದ್ದು ನಾಲ್ಕು ತಿನ್ನುವವನಿಗಿಂತ ಕ್ಷೇಮವಾಗಿರುತ್ತಾನೆ. ಗದರಿಕೆಯಿಂದ ರೋಗಿ ಸುಳ್ಳು ಹೇಳುವುದನ್ನು ಕಲಿಯುತ್ತಾನೆಯೇ ಹೊರತು ಪಥ್ಯವನ್ನಲ್ಲ. ಇಡೀ ಮನೆಯೇ ಹಿತಮಿತವಾಗಿ ಉಂಡರೆ ಪಥ್ಯವು ಒಬ್ಬನ ಶಿಕ್ಷೆಯಾಗಿ ಉಳಿಯುವುದಿಲ್ಲ.

ವೈದ್ಯನು ದಾರಿ ತೋರಬಲ್ಲನು. ನಡೆಯುವ ಕಾಲುಗಳು ರೋಗಿಯವು. ಆ ಕಾಲುಗಳು ನೋವಿಲ್ಲದೆ, ಮೊಮ್ಮಕ್ಕಳ ಕೈಹಿಡಿದು ಸಂಜೆಯ ತಿರುಗಾಟಕ್ಕೆ ಹೊರಡುವಂತಿದ್ದರೆ ಚಿಕಿತ್ಸೆ ಸಾರ್ಥಕವಾದಂತೆ.