ಉದ್ಯೋಗನಿರತ ಶುಶ್ರೂಷಕರಿಗೆ ಬಿ.ಎಸ್ಸಿ. ನರ್ಸಿಂಗ್ ಪದವಿ: ಆನ್‌ಲೈನ್ ಪ್ರವೇಶಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಂಗಳೂರು ನಗರವು ಆಸ್ಪತ್ರೆಗಳಿಗೂ ಶುಶ್ರೂಷಾ ಶಿಕ್ಷಣಕ್ಕೂ ಹೆಸರಾದ ಊರು. ಸರ್ಕಾರಿ ವೆನ್‌ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳಿಂದ ಹಿಡಿದು ಕಂಕನಾಡಿ, ಅತ್ತಾವರ, ದೇರಳಕಟ್ಟೆಗಳ ದೊಡ್ಡ ಖಾಸಗಿ ಆಸ್ಪತ್ರೆಗಳವರೆಗೆ ಸೇವೆ ಸಲ್ಲಿಸುತ್ತಿರುವ ಶುಶ್ರೂಷಕರಲ್ಲಿ ಅನೇಕರು ಜಿಲ್ಲೆಯ ಗ್ರಾಮಾಂತರ ಕುಟುಂಬಗಳಿಂದ ಬಂದವರು. ಇವರಲ್ಲಿ ಜಿ.ಎನ್.ಎಂ. ಡಿಪ್ಲೊಮಾ ಮುಗಿಸಿ ಉದ್ಯೋಗಕ್ಕೆ ಸೇರಿದವರಿಗೆ ಕೆಲವು ವರ್ಷಗಳಲ್ಲೇ ಪದವಿಯ ಅಗತ್ಯ ಕಂಡುಬರುತ್ತದೆ. ಕೆಲಸವನ್ನು ಬಿಡದೆ, ಮನೆಯಲ್ಲಿಯೇ ಕುಳಿತು ಆನ್‌ಲೈನ್ ಮೂಲಕ ಬಿ.ಎಸ್ಸಿ. ನರ್ಸಿಂಗ್ ಮಾಡಬಹುದೆಂಬ ಜಾಹೀರಾತುಗಳು ಮೊಬೈಲಿಗೆ ಬರುವುದೂ ಇಂತಹ ಸಮಯದಲ್ಲಿಯೇ. ಹಣ ಪಾವತಿಸುವ ಮೊದಲು ಈ ವಿಷಯದಲ್ಲಿ ಜಾರಿಯಲ್ಲಿರುವ ನಿಯಮಗಳನ್ನು ಅರಿತಿರುವುದು ಅತ್ಯವಶ್ಯ.

ಪದವಿಯಿಂದ ಆಗುವ ಪ್ರಯೋಜನ

ಗ್ರಾಮ ಮಟ್ಟದ ಆರೋಗ್ಯ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮೇಲ್ದರ್ಜೆಗೇರಿಸುವ ಕಾರ್ಯ 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆಯಡಿ ಆರಂಭವಾಯಿತು. ಇವೇ ಇಂದಿನ ಆಯುಷ್ಮಾನ್ ಆರೋಗ್ಯ ಮಂದಿರಗಳು. ಇಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗೆ ರಾಜ್ಯದ ನೇಮಕಾತಿ ಅಧಿಸೂಚನೆಗಳಲ್ಲಿ ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಹತೆಯನ್ನು ಕೇಳಲಾಗಿದೆ. ಎಂ.ಎಸ್ಸಿ. ನರ್ಸಿಂಗ್ ಪ್ರವೇಶಕ್ಕೂ ಈ ಎರಡರಲ್ಲಿ ಒಂದು ಪದವಿಯನ್ನು ಕನಿಷ್ಠ ಶೇ. 55 ಅಂಕಗಳೊಂದಿಗೆ ಪಡೆದಿರಬೇಕು. ಜೊತೆಗೆ ಒಂದು ವರ್ಷದ ಸೇವಾನುಭವವೂ ಇರಬೇಕು. ಮುಂದೆ ಬೋಧಕ ಹುದ್ದೆಗೆ ಹೋಗಬಯಸುವವರಿಗೆ ಇದೇ ಮೊದಲ ಮೆಟ್ಟಿಲು.

ಆನ್‌ಲೈನ್ ಪದವಿ ಏಕೆ ಸಲ್ಲದು?

ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಮುಕ್ತ ಹಾಗೂ ದೂರಶಿಕ್ಷಣ ಮತ್ತು ಆನ್‌ಲೈನ್ ಕಾರ್ಯಕ್ರಮಗಳ ಕುರಿತು 2020ರಲ್ಲಿ ವಿನಿಯಮಗಳನ್ನು ಹೊರಡಿಸಿದೆ. ಆನ್‌ಲೈನ್ ವಿಧಾನದಲ್ಲಿ ನೀಡಬಾರದೆಂದು ಆಯೋಗವು ಪ್ರಕಟಿಸಿರುವ ಪಟ್ಟಿಯಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯಕೀಯ, ಫಾರ್ಮಸಿ ಮುಂತಾದವುಗಳೊಂದಿಗೆ ನರ್ಸಿಂಗ್ ಸಹ ಸೇರಿದೆ.

ಇದಕ್ಕೆ ಕಾರಣ ಶುಶ್ರೂಷಾ ಶಿಕ್ಷಣದ ಸ್ವರೂಪದಲ್ಲಿಯೇ ಇದೆ. ಪರೀಕ್ಷೆಗೆ ಕುಳಿತುಕೊಳ್ಳಲು ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 80 ಹಾಜರಾತಿ ಇರಬೇಕೆಂದೂ, ಪದವಿ ಪ್ರದಾನಕ್ಕೆ ಮುನ್ನ ಪ್ರಾಯೋಗಿಕ ತರಬೇತಿಯ ಪ್ರತಿ ವಿಭಾಗದಲ್ಲಿ ಶೇ. 100 ಹಾಜರಾತಿಯನ್ನು ಪೂರೈಸಬೇಕೆಂದೂ ಭಾರತೀಯ ಶುಶ್ರೂಷಾ ಪರಿಷತ್ತಿನ ಪಠ್ಯಕ್ರಮ ವಿಧಿಸುತ್ತದೆ. ಹೆರಿಗೆ ವಾರ್ಡು, ಮಕ್ಕಳ ವಾರ್ಡು, ಮಾನಸಿಕ ಆರೋಗ್ಯ ವಿಭಾಗ ಹಾಗೂ ಸಮುದಾಯ ಕ್ಷೇತ್ರದಲ್ಲಿ ಬೋಧಕರ ಮೇಲ್ವಿಚಾರಣೆಯಲ್ಲಿ ಕಲಿಯಬೇಕಾದುದನ್ನು ಪರದೆಯ ಮೇಲೆ ನೋಡಿ ಕಲಿಯಲಾಗದು. ಕಾಲೇಜಿಗೆ ಬರುವುದೇ ಬೇಡ, ಪರೀಕ್ಷೆಗೆ ಮಾತ್ರ ಬಂದರೆ ಸಾಕು ಎಂದು ಯಾರಾದರೂ ಹೇಳಿದಲ್ಲಿ ಅವರು ಈ ಹಾಜರಾತಿ ನಿಯಮವನ್ನು ಮುಚ್ಚಿಡುತ್ತಿದ್ದಾರೆಂದೇ ತಿಳಿಯಬೇಕು. ಹಾಗೆ ಪಡೆದ ಪ್ರಮಾಣಪತ್ರವು ನೋಂದಣಿಯ ಅಥವಾ ನೇಮಕಾತಿಯ ಪರಿಶೀಲನೆಯಲ್ಲಿ ತಿರಸ್ಕೃತವಾದರೆ ಹಣದ ಜೊತೆಗೆ ವರ್ಷಗಳೂ ನಷ್ಟವಾಗುತ್ತವೆ.

ಅಮೆರಿಕದಲ್ಲಿ ನೋಂದಾಯಿತ ಶುಶ್ರೂಷಕರು ಆನ್‌ಲೈನ್ ಮೂಲಕ ಪದವಿ ಪಡೆಯುವ ಪದ್ಧತಿ ಇರುವುದು ನಿಜ. ನ್ಯೂಯಾರ್ಕ್ ರಾಜ್ಯವಂತೂ ಹೊಸದಾಗಿ ನೋಂದಣಿಯಾಗುವ ಶುಶ್ರೂಷಕರು 10 ವರ್ಷಗಳೊಳಗೆ ಪದವಿ ಪಡೆಯಬೇಕೆಂದು 2017ರಲ್ಲಿ ಕಾನೂನು ಮಾಡಿತು. ಅಂತರ್ಜಾಲದಲ್ಲಿ ಕಾಣುವ ಜಾಹೀರಾತುಗಳಲ್ಲಿ ಹಲವು ಆ ದೇಶದ ವ್ಯವಸ್ಥೆಗೆ ಸಂಬಂಧಿಸಿದವು. ಅಂತಹ ಪದವಿಯು ಕರ್ನಾಟಕದಲ್ಲಿ ತಾನಾಗಿಯೇ ಮಾನ್ಯವಾಗುವುದಿಲ್ಲ.

ಮಾನ್ಯತೆಯುಳ್ಳ ಎರಡು ಮಾರ್ಗಗಳು

ಮೊದಲನೆಯದು ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್. ಪಿ.ಯು.ಸಿ. ಹಾಗೂ ಜಿ.ಎನ್.ಎಂ. ತೇರ್ಗಡೆಯಾಗಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ನೋಂದಣಿಯಾದವರು ಇದಕ್ಕೆ ಅರ್ಹರು. ಹೊಸದಾಗಿ ನಾಲ್ಕು ವರ್ಷಗಳ ಬಿ.ಎಸ್ಸಿ. ಓದುವ ಅಗತ್ಯವಿಲ್ಲ. ಮೊದಲ ವರ್ಷದಲ್ಲಿ ಸೂಕ್ಷ್ಮಜೀವಶಾಸ್ತ್ರ, ಪೋಷಣಾಶಾಸ್ತ್ರ, ಮನಃಶಾಸ್ತ್ರ, ತಾಯಿ ಮತ್ತು ಮಕ್ಕಳ ಶುಶ್ರೂಷೆ ಮೊದಲಾದ ವಿಷಯಗಳಿದ್ದರೆ, ಎರಡನೆಯ ವರ್ಷದಲ್ಲಿ ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ, ಶುಶ್ರೂಷಾ ಶಿಕ್ಷಣ, ಆಡಳಿತ ಮತ್ತು ಸಂಶೋಧನೆಯ ಪರಿಚಯವಿರುತ್ತದೆ. ಸರ್ಕಾರಿ ಸೀಟುಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಗಳನ್ನು ಗಮನಿಸಬೇಕು.

ಇದು ಪೂರ್ಣಾವಧಿ ವ್ಯಾಸಂಗ. ಖಾಸಗಿ ಆಸ್ಪತ್ರೆಯಲ್ಲಿರುವವರು ಸಾಮಾನ್ಯವಾಗಿ ಕೆಲಸ ಬಿಡಬೇಕಾಗುತ್ತದೆ ಅಥವಾ ದೀರ್ಘ ರಜೆ ಪಡೆಯಬೇಕಾಗುತ್ತದೆ. ಆದ್ದರಿಂದ ಶುಲ್ಕದೊಂದಿಗೆ ಕೈತಪ್ಪುವ ವೇತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉದಾಹರಣೆಗೆ, ತಿಂಗಳಿಗೆ 20,000 ರೂ. ವೇತನ ಪಡೆಯುವವರಿಗೆ ಎರಡು ವರ್ಷಗಳಲ್ಲಿ 4,80,000 ರೂ. ಆದಾಯ ಇಲ್ಲದಂತಾಗುತ್ತದೆ. ಸರ್ಕಾರಿ ಸೇವೆಯಲ್ಲಿರುವವರು ಇಲಾಖೆಯ ಪೂರ್ವಾನುಮತಿ ಪಡೆದೇ ಉನ್ನತ ವ್ಯಾಸಂಗಕ್ಕೆ ತೆರಳಬೇಕು. ಪ್ರವೇಶ ಪಡೆದ ನಂತರ ಅನುಮತಿ ಕೋರುವುದು ತೊಂದರೆಗೆ ದಾರಿಯಾಗುತ್ತದೆ.

ಎರಡನೆಯದು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಸೇವಾನಿರತ ಶುಶ್ರೂಷಕರಿಗಾಗಿಯೇ ರೂಪಿಸಿದ ಪೋಸ್ಟ್ ಬೇಸಿಕ್ ಪದವಿ. ಇದರ ಕನಿಷ್ಠ ಅವಧಿ ಮೂರು ವರ್ಷ. ಪಿ.ಯು.ಸಿ. ಮತ್ತು ಜಿ.ಎನ್.ಎಂ. ಜೊತೆಗೆ ಎರಡು ವರ್ಷಗಳ ಸೇವಾನುಭವ ಬೇಕು. ಪ್ರವೇಶ ಪರೀಕ್ಷೆಯೂ ಇದೆ. ಇದು ದೂರಶಿಕ್ಷಣವೇ ಹೊರತು ಆನ್‌ಲೈನ್ ಪದವಿಯಲ್ಲ. ಪಾಠಪುಸ್ತಕಗಳನ್ನು ಮನೆಯಲ್ಲಿ ಓದಬಹುದಾದರೂ ನಿಗದಿತ ಕೇಂದ್ರದಲ್ಲಿ ಪ್ರಾಯೋಗಿಕ ತರಬೇತಿಗೆ ಹಾಜರಾಗುವುದು ಕಡ್ಡಾಯ. ವೇತನ ನಿಲ್ಲದಿದ್ದರೂ ರಜೆಗಳು ಖರ್ಚಾಗುತ್ತವೆ. ರಾತ್ರಿ ಪಾಳಿ ಮುಗಿಸಿ ತರಬೇತಿಗೆ ತೆರಳುವ ಪರಿಸ್ಥಿತಿ ಬಾರದಂತೆ ಮೇಲಧಿಕಾರಿಗಳೊಂದಿಗೆ ಮುಂಚಿತವಾಗಿ ಮಾತನಾಡಿ ಪಾಳಿ ಹೊಂದಿಸಿಕೊಳ್ಳುವುದು ಸೂಕ್ತ. ಆಯಾ ವರ್ಷ ಪ್ರವೇಶಾತಿ ಇದೆಯೇ, ಸಮೀಪದಲ್ಲಿ ಕೇಂದ್ರ ಲಭ್ಯವಿದೆಯೇ ಎಂಬುದನ್ನು ವಿಶ್ವವಿದ್ಯಾಲಯದ ಅಧಿಕೃತ ಜಾಲತಾಣದಲ್ಲಿ ನೋಡಿಕೊಂಡೇ ಮುಂದುವರಿಯಬೇಕು.

ಪ್ರವೇಶಕ್ಕೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

1. ಕಾಲೇಜಿನ ಪೋಸ್ಟ್ ಬೇಸಿಕ್ ಕೋರ್ಸಿಗೆ ಆ ಶೈಕ್ಷಣಿಕ ವರ್ಷದಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ಮತ್ತು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತುಗಳ ಮಾನ್ಯತೆ ಇದೆಯೇ? ಇತರ ಕೋರ್ಸಿಗೆ ಇರುವ ಮಾನ್ಯತೆ ಇದಕ್ಕೆ ಅನ್ವಯಿಸುವುದಿಲ್ಲ.

2. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಅಥವಾ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ?

3. ತಮ್ಮ ಜಿ.ಎನ್.ಎಂ. ನೋಂದಣಿ ಚಾಲ್ತಿಯಲ್ಲಿದೆಯೇ? ಹೆಸರು ಮತ್ತು ಜನ್ಮದಿನಾಂಕ ಎಲ್ಲ ದಾಖಲೆಗಳಲ್ಲಿ ಒಂದೇ ರೀತಿ ಇವೆಯೇ?

4. ಶುಲ್ಕವನ್ನು ಸಂಸ್ಥೆಯ ಖಾತೆಗೇ ಪಾವತಿಸಿ ರಸೀದಿ ಪಡೆಯಬೇಕು. ಮಧ್ಯವರ್ತಿಯ ವೈಯಕ್ತಿಕ ಖಾತೆಗೆ ಹಣ ಕಳುಹಿಸಬಾರದು. ಮೂಲ ಅಂಕಪಟ್ಟಿಗಳನ್ನು ಯಾರ ಬಳಿಯೂ ಒತ್ತೆಯಾಗಿ ಇಡಬಾರದು.

5. ಪದವಿ ಪಡೆದ ಬಳಿಕ ಹೆಚ್ಚುವರಿ ವಿದ್ಯಾರ್ಹತೆಯನ್ನು ರಾಜ್ಯ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು.

ಆನ್‌ಲೈನ್ ಕಲಿಕೆಯ ಸ್ಥಾನ

ಆನ್‌ಲೈನ್ ಕಲಿಕೆ ನಿರುಪಯುಕ್ತವೆಂದು ಭಾವಿಸಬೇಕಾಗಿಲ್ಲ. ಕೇಂದ್ರ ಸರ್ಕಾರದ ಸ್ವಯಂ ಹಾಗೂ ಐಗಾಟ್ ಕರ್ಮಯೋಗಿ ವೇದಿಕೆಗಳ ಕೋರ್ಸುಗಳಿಂದ ಜ್ಞಾನವನ್ನು ನವೀಕರಿಸಿಕೊಳ್ಳಬಹುದು. ಆದರೆ ಅಲ್ಲಿ ದೊರೆಯುವ ಪ್ರಮಾಣಪತ್ರಗಳು ಬಿ.ಎಸ್ಸಿ. ನರ್ಸಿಂಗ್ ಪದವಿಗೆ ಸಮವಲ್ಲ.

ಗ್ರಾಮಸ್ಥರ ಮನೆಗಳಲ್ಲಿ ಮಗಳ ಅಥವಾ ಸೊಸೆಯ ಓದಿಗಾಗಿ ಸಾಲ ಮಾಡುವ ಮೊದಲು, ಒಡವೆ ಅಡವಿಡುವ ಮೊದಲು, ಮೇಲಿನ ಐದು ಅಂಶಗಳನ್ನು ಕುಟುಂಬದವರು ಒಟ್ಟಾಗಿ ಪರಿಶೀಲಿಸುವುದು ಕ್ಷೇಮ. ಈ ಮಾಹಿತಿಯನ್ನು ಗ್ರಾಮ ಪಂಚಾಯತಿಗಳು ಸೂಚನಾ ಫಲಕದಲ್ಲಿ ಪ್ರಕಟಿಸುವುದಲ್ಲದೆ, ಆಶಾ ಕಾರ್ಯಕರ್ತೆಯರು ಮತ್ತು ಸ್ವಸಹಾಯ ಸಂಘಗಳ ಮೂಲಕ ಶುಶ್ರೂಷಾ ವೃತ್ತಿಯಲ್ಲಿರುವವರ ಕುಟುಂಬಗಳಿಗೆ ತಲುಪಿಸುವುದು ಅಪೇಕ್ಷಣೀಯ.