ಬಿಟ್ಟಿ ಕೋಣೆಯ ಗಟ್ಟಿ ಲೆಕ್ಕ

ಚಹಾಪುಡಿ ಪೊಟ್ಟಣದ ಕೂಪನ್ನುಗಳನ್ನು ಕೂಡಿಟ್ಟು ಸ್ಟೀಲ್ ಲೋಟ ಪಡೆದ ನೆನಪು ಅನೇಕ ಮನೆಗಳಲ್ಲಿ ಇದ್ದೀತು. ಆ ಕೂಪನ್ನಿನ ದೊಡ್ಡಣ್ಣ ಈಗ ಪಂಚತಾರಾ ಹೋಟೆಲುಗಳಲ್ಲಿ ಕುಳಿತಿದ್ದಾನೆ. ಅವನು ಕೊಡುವುದು ಲೋಟವನ್ನಲ್ಲ, ‘ಸ್ವೀಟ್’ ಅನ್ನು!

ಮಕ್ಕಳು ಬಾಯಲ್ಲಿ ನೀರೂರಿಸಬೇಕಿಲ್ಲ. ಇದು ಮೈಸೂರುಪಾಕಿನ ಸ್ವೀಟ್ ಅಲ್ಲ. ಫ್ರೆಂಚ್ ಮೂಲದ ಈ ಪದಕ್ಕೆ ‘ಒಂದರ ಹಿಂದೊಂದು ಬರುವ ಸಾಲು’ ಎಂಬ ಅರ್ಥವಿದೆ. ಹೋಟೆಲಿನ ಮಟ್ಟಿಗೆ ಹೇಳುವುದಾದರೆ, ಮಲಗುವ ಕೋಣೆ ಮತ್ತು ಅದಕ್ಕೆ ಸೇರಿದಂತೆ ಕೂರುವ ಕೋಣೆ. ಬಾಡಿಗೆ ಸಾಮಾನ್ಯ ಕೋಣೆಗಿಂತ ಬಹಳ ಹೆಚ್ಚು. ಇಂಥದ್ದು ‘ರಿವಾರ್ಡ್ ಪಾಯಿಂಟ್’ ಎಂಬ ಅಂಕಗಳಿಗೆ ಸಿಗುತ್ತದೆ ಎಂದರೆ ಯಾರಿಗೆ ಆಸೆಯಾಗದು? ಆದರೆ ಅದು ನಿಜಕ್ಕೂ ಬಿಟ್ಟಿಯೇ?

ಅಂಕದ ಹುಟ್ಟು

ಈ ಉಪಾಯ ಹೊಸದೇನಲ್ಲ. ಅಮೆರಿಕದಲ್ಲಿ 1896ರಲ್ಲಿ ಆರಂಭವಾದ ಸ್ಪೆರಿ ಆ್ಯಂಡ್ ಹಚಿನ್ಸನ್ ಕಂಪೆನಿ ಅಂಗಡಿಗಳಿಗೆ ಹಸಿರು ಚೀಟಿಗಳನ್ನು ಮಾರುತ್ತಿತ್ತು. ಅಂಗಡಿಯವರು ವ್ಯಾಪಾರಕ್ಕೆ ತಕ್ಕಂತೆ ಅವನ್ನು ಗಿರಾಕಿಗಳಿಗೆ ಕೊಡುತ್ತಿದ್ದರು. ಪುಸ್ತಕದಲ್ಲಿ ಅಂಟಿಸಿ ಒಪ್ಪಿಸಿದರೆ ಸಾಮಾನು ಸಿಗುತ್ತಿತ್ತು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಹಾರಿದ ಮೈಲಿಗಳಿಗೆ ಬಹುಮಾನ ಕೊಡುವ ಯೋಜನೆ ತಂದಿತು. 1983ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್, 1987ರಲ್ಲಿ ಹಿಲ್ಟನ್ ಹೋಟೆಲುಗಳು ಅದೇ ದಾರಿ ಹಿಡಿದವು.

ರಾತ್ರಿ ಕಳೆದರೆ ಬೆಲೆಯಿಲ್ಲ

ಹೋಟೆಲಿನವರಿಗೆ ಇದರಿಂದ ನಷ್ಟವಲ್ಲವೇ? ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯನ್ನು ನೋಡಿ. ಸಂಜೆಯಾದಂತೆ ಕಟ್ಟಿನ ಬೆಲೆ ಇಳಿಸುತ್ತಾಳೆ. ನಾಳೆಗೆ ಅದು ಬಾಡುತ್ತದೆ ಎಂದು ಅವಳಿಗೆ ಗೊತ್ತು. ಹೋಟೆಲಿನ ಕೋಣೆ ಸೊಪ್ಪಿಗಿಂತಲೂ ಬೇಗ ಬಾಡುವ ಸರಕು. ಈ ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಯಾರಿಗೂ ಮಾರಲಾಗದು. ಕಟ್ಟಡದ ಸಾಲ, ನೌಕರರ ಸಂಬಳ ಹೇಗೂ ಖರ್ಚಾಗುವಂಥವು. ಅತಿಥಿಯೊಬ್ಬ ತಂಗಿದರೆ ಹೆಚ್ಚುವರಿ ಖರ್ಚು ಹಾಸಿಗೆ ಒಗೆಯುವುದು, ನೀರು, ವಿದ್ಯುತ್ತು, ಸಾಬೂನು ಇಷ್ಟೆ. ಗಿರಾಕಿಗೆ ಸಾವಿರಾರು ರೂಪಾಯಿ ಉಡುಗೊರೆಯಾಗಿ ಕಾಣುವ ಕೋಣೆ ಕೊಡುವವನಿಗೆ ಅಷ್ಟು ದುಬಾರಿಯಲ್ಲ. ಆದ್ದರಿಂದಲೇ ಇಂಥ ಸೌಲಭ್ಯ ಸಾಮಾನ್ಯವಾಗಿ ‘ಕೋಣೆ ಖಾಲಿ ಇದ್ದರೆ ಮಾತ್ರ’ ಎಂಬ ಷರತ್ತಿನೊಂದಿಗೆ ಬರುತ್ತದೆ.

ಮೂರು ದಾರಿಗಳು

ಸ್ವೀಟ್ ಸೇರಲು ಮೂರು ದಾರಿಗಳುಂಟು. ಇಡೀ ಬಾಡಿಗೆಯನ್ನೇ ಅಂಕಗಳಲ್ಲಿ ತೀರಿಸುವುದು ಮೊದಲನೆಯದು. ಸಾಮಾನ್ಯ ಕೋಣೆಗೆ ಹಣ ಕೊಟ್ಟು, ಮೇಲ್ದರ್ಜೆಗೆ ಏರಲು ಮಾತ್ರ ಅಂಕ ಬಳಸುವುದು ಎರಡನೆಯದು. ವರ್ಷದಲ್ಲಿ ಇಂತಿಷ್ಟು ರಾತ್ರಿ ತಂಗಿ ‘ವಿಶೇಷ ಸದಸ್ಯ’ ಎನಿಸಿಕೊಳ್ಳುವುದು ಮೂರನೆಯದು.

ಹಯಾತ್ ಹೋಟೆಲುಗಳ 2017ರ ನಿಯಮಗಳನ್ನೇ ನೋಡೋಣ. ಪ್ರತಿ ಡಾಲರ್ ಖರ್ಚಿಗೆ 5 ಅಂಕ. ಸಾಧಾರಣ ಸ್ವೀಟ್‌ಗೆ ಏರಲು ರಾತ್ರಿಗೆ 6,000 ಅಂಕ. ಅಂದರೆ ಒಂದು ರಾತ್ರಿಯ ಬಡ್ತಿಗೆ 1,200 ಡಾಲರ್ ಖರ್ಚು ಮಾಡಿರಬೇಕು. ವರ್ಷಕ್ಕೆ 60 ರಾತ್ರಿ ತಂಗಿದವರಿಗೆ ಅತ್ಯುನ್ನತ ದರ್ಜೆ ಮತ್ತು 4 ಬಡ್ತಿ ಪತ್ರಗಳು. ಒಂದೊಂದೂ 7 ರಾತ್ರಿಗಳವರೆಗೆ. ಆದರೆ ರಾತ್ರಿಗೆ 100 ಡಾಲರ್ ಎಂದಿಟ್ಟುಕೊಂಡರೂ 60 ರಾತ್ರಿಗೆ 6,000 ಡಾಲರ್ ಆಯಿತು! ಸ್ವಂತ ದುಡ್ಡಿನಲ್ಲಿ ಅಷ್ಟು ತಂಗುವವರು ವಿರಳ. ಕಂಪೆನಿಯ ಕೆಲಸಕ್ಕೆ ಊರೂರು ಸುತ್ತುವವರಿಗೇ ಇದು ಸುಲಭ.

ಇಲ್ಲೊಂದು ನೀತಿಯ ಪ್ರಶ್ನೆಯೂ ಇದೆ. ಬಿಲ್ಲು ಕಟ್ಟುವುದು ಕಂಪೆನಿ, ಅಂಕ ಸೇರುವುದು ನೌಕರನಿಗೆ. ಅಗ್ಗದ, ಅನುಕೂಲದ ಹೋಟೆಲು ಪಕ್ಕದಲ್ಲೇ ಇದ್ದರೂ ಅಂಕದಾಸೆಗೆ ದುಬಾರಿಯದನ್ನು ಆರಿಸಿದರೆ ಅದು ಸರಿಯೇ? ಅಮೆರಿಕ ಸರ್ಕಾರ ತನ್ನ ನೌಕರರು ಸರ್ಕಾರಿ ಪ್ರಯಾಣದ ಮೈಲಿಗಳನ್ನು ಸ್ವಂತಕ್ಕೆ ಬಳಸಲು ಕಾನೂನಿನ ಮೂಲಕ ಒಪ್ಪಿದ್ದು 2001ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಅವು ಸರ್ಕಾರದ ಸೊತ್ತಾಗಿದ್ದವು.

ಇಲಿಯ ಓಟ, ಕಾರಿನ ಸ್ನಾನ

ಅಂಕಗಳು ನಮ್ಮ ಮನಸ್ಸಿನ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬುದು ವಿಜ್ಞಾನಕ್ಕೆ ಸೇರಿದ ವಿಷಯ. 1930ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಕ್ಲಾರ್ಕ್ ಹಲ್ ಇಲಿಗಳನ್ನು ಓಣಿಯಂಥ ಹಾದಿಯಲ್ಲಿ ಓಡಿಸಿದರು. ಆಹಾರ ಹತ್ತಿರವಾದಂತೆ ಇಲಿಗಳ ಓಟ ಚುರುಕಾಗುತ್ತಿತ್ತು. ಗುರಿ ಸಮೀಪಿಸಿದಾಗ ಉತ್ಸಾಹ ಹೆಚ್ಚುತ್ತದೆ ಎಂಬುದು ಅವರ ಸಿದ್ಧಾಂತ.

ಮನುಷ್ಯರು? ಜೋಸೆಫ್ ನ್ಯೂನ್ಸ್ ಮತ್ತು ಜೇವಿಯರ್ ಡ್ರೆಜ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಸೊಗಸಾಗಿದೆ. ಕಾರು ತೊಳೆಯುವ ಕೇಂದ್ರವೊಂದರಲ್ಲಿ 300 ಗಿರಾಕಿಗಳಿಗೆ ಕಾರ್ಡು ಹಂಚಲಾಯಿತು. ಅರ್ಧದಷ್ಟು ಜನರ ಕಾರ್ಡಿನಲ್ಲಿ 8 ಖಾಲಿ ಮನೆಗಳು. ಉಳಿದವರ ಕಾರ್ಡಿನಲ್ಲಿ 10 ಮನೆಗಳು. ಅವುಗಳಲ್ಲಿ 2ಕ್ಕೆ ಆಗಲೇ ಮುದ್ರೆ ಬಿದ್ದಿತ್ತು. ಇಬ್ಬರೂ ಇನ್ನು ತೊಳೆಸಬೇಕಾದದ್ದು 8 ಬಾರಿಯೇ. ಆದರೂ ಮೊದಲ ಗುಂಪಿನಲ್ಲಿ ಕಾರ್ಡು ತುಂಬಿಸಿದವರು ಶೇ 19, ಎರಡನೆಯದರಲ್ಲಿ ಶೇ 34! ಎರಡು ಪುಕ್ಕಟೆ ಮುದ್ರೆಗಳು ‘ಆಗಲೇ ಹೊರಟಿದ್ದೇವೆ’ ಎಂಬ ಭಾವನೆ ಹುಟ್ಟಿಸಿದ್ದವು. ಸದಸ್ಯರಾದ ಕೂಡಲೇ ‘ಸ್ವಾಗತ ಅಂಕ’ ಏಕೆ ಕೊಡುತ್ತಾರೆ ಎಂಬುದು ಈಗ ತಿಳಿಯಿತಲ್ಲವೇ?

ಒಂದು ಅಂಕಕ್ಕೆ ಎಷ್ಟು ಪೈಸೆ?

ಎಂಟನೆಯ ತರಗತಿಯ ಗಣಿತ ಇಲ್ಲಿ ಸಾಕು. ಸ್ವೀಟ್‌ನ ಬಾಡಿಗೆ 15,000 ರೂಪಾಯಿ, ಕೇಳುವ ಅಂಕ 20,000 ಎಂದಿಟ್ಟುಕೊಳ್ಳಿ. ಭಾಗಿಸಿದರೆ ಅಂಕಕ್ಕೆ 75 ಪೈಸೆ. ಲಾಭವೋ ಲಾಭ! ನಿಲ್ಲಿ. ಅಂಕವಿಲ್ಲದಿದ್ದರೆ ಆ ಕುಟುಂಬ 15,000 ರೂಪಾಯಿ ಕೊಟ್ಟು ತಂಗುತ್ತಿತ್ತೇ? 6,000 ರೂಪಾಯಿಯ ಕೋಣೆ ಹಿಡಿಯುತ್ತಿತ್ತು ಎಂದಾದರೆ ಉಳಿದದ್ದು 6,000 ಮಾತ್ರ. ಅಂಕದ ಬೆಲೆ 30 ಪೈಸೆಗೆ ಇಳಿಯಿತು. ಮಿಕ್ಕದ್ದು ಸುಖ, ಉಳಿತಾಯವಲ್ಲ.

ಇನ್ನೂ ಒಂದು ಮಾತು. ಅಂಕ ರೂಪಾಯಿಯಲ್ಲ, ಅದನ್ನು ಮುದ್ರಿಸುವವರೂ ಬೆಲೆ ಕಟ್ಟುವವರೂ ಒಬ್ಬರೇ. ಮ್ಯಾರಿಯಟ್ 2022ರಲ್ಲಿ ನಿಗದಿತ ದರಪಟ್ಟಿಯನ್ನೇ ಕೈಬಿಟ್ಟಿತು. ಸದಸ್ಯತ್ವಕ್ಕಾಗಿ ನೀಡುವ ವಿವರಗಳಿಗೂ ಬೆಲೆಯುಂಟು. ಸ್ಟಾರ್‌ವುಡ್ ಹೋಟೆಲುಗಳ ಕಂಪ್ಯೂಟರಿಗೆ ಕನ್ನ ಬಿದ್ದದ್ದು 2018ರಲ್ಲಿ ಬಹಿರಂಗವಾದಾಗ, ಕೋಟ್ಯಂತರ ಅತಿಥಿಗಳ ಮಾಹಿತಿ, ಅನೇಕರ ಪಾಸ್‌ಪೋರ್ಟ್ ಸಂಖ್ಯೆಗಳೂ ಕಳ್ಳರ ಕೈಸೇರಿದ್ದು ತಿಳಿದುಬಂತು. ಇನ್ನು ಅಂಕಕ್ಕಾಗಿ ಕ್ರೆಡಿಟ್ ಕಾರ್ಡು ಉಜ್ಜಿ ಬಾಕಿ ಉಳಿಸಿಕೊಂಡರಂತೂ ಬಡ್ಡಿ ಅಂಕವನ್ನೂ ನುಂಗುತ್ತದೆ, ಅಸಲನ್ನೂ ಮೀರುತ್ತದೆ.

ಹಾಗೆಂದು ಅಂಕಗಳನ್ನು ದೂರ ತಳ್ಳಬೇಕಿಲ್ಲ. ಹೇಗೂ ಮಾಡಲೇಬೇಕಾದ ಪ್ರಯಾಣದಿಂದ ಕೂಡಿದ ಅಂಕಗಳಿಂದ ಅಜ್ಜ–ಅಜ್ಜಿಯರಿಗೆ ಎರಡು ಕೋಣೆಗಳ ನೆಮ್ಮದಿಯ ರಾತ್ರಿ ಸಿಕ್ಕಿದರೆ ಸಂತೋಷವೇ. ಅಂಕಕ್ಕಾಗಿಯೇ ಪ್ರಯಾಣ ಹೊರಡುವುದು ಮಾತ್ರ ಲೋಟದ ಆಸೆಗೆ ವರ್ಷಕ್ಕಾಗುವಷ್ಟು ಚಹಾಪುಡಿ ಕೊಂಡಂತೆ. ಮುಂದಿನ ಬಾರಿ ‘ಉಚಿತ’ ಎಂಬ ಪದ ಕಣ್ಣಿಗೆ ಬಿದ್ದಾಗ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕುಳಿತು ಕಾಗದ, ಪೆನ್ಸಿಲು ತೆಗೆದುಕೊಳ್ಳಲಿ. ‘ಇದು ಇಲ್ಲದಿದ್ದರೂ ಈ ಖರ್ಚು ಮಾಡುತ್ತಿದ್ದೆವೇ?’ ಎಂಬ ಒಂದೇ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಅರ್ಧ ಲೆಕ್ಕ ಅಲ್ಲಿಗೇ ಮುಗಿಯುತ್ತದೆ.