ಹೋಗುವುದಕ್ಕೆ, ಹೋದದ್ದಕ್ಕೆ

'ಕೂಲಿಗೆ ಹೋದ' ಎನ್ನುವಾಗ 'ಗೆ' ಉದ್ದೇಶವನ್ನು ಹೇಳುತ್ತದೆ. 'ಮಳೆಗೆ ಗೋಡೆ ಬಿತ್ತು' ಎನ್ನುವಾಗ ಅದೇ 'ಗೆ' ಕಾರಣವನ್ನು ಹೇಳುತ್ತದೆ. ಗೋಡೆ ಮಳೆಯನ್ನು ಬಯಸಿ ಬಿತ್ತೆಂದು ಯಾರೂ ತಪ್ಪು ತಿಳಿಯುವುದಿಲ್ಲ. ಜಪಾನಿ ಭಾಷೆಯ 'ತಮೆ' ಎಂಬ ಪದಕ್ಕೂ ಹೀಗೆ ಎರಡು ಮುಖ. 'ನಿಹೊನ್ ಎ ಇಕು ತಮೆ ನಿ' ಎಂದರೆ ಜಪಾನಿಗೆ ಹೋಗುವುದಕ್ಕೆ; 'ತೈಫೂ ನೊ ತಮೆ ನಿ' ಎಂದರೆ ಚಂಡಮಾರುತದ ದೆಸೆಯಿಂದ. ಹೊಸದಾಗಿ ಕಲಿಯುವವರಿಗೆ ಇದು ಗೋಜಲೆನಿಸುವುದು ಅರ್ಥವನ್ನು 'ತಮೆ'ಯೊಳಗೇ ಹುಡುಕುವುದರಿಂದ. ಅರ್ಥ ತೀರ್ಮಾನವಾಗುವುದು ಅದರ ಹಿಂದಿನ ಮಾತಿನಲ್ಲಿ. ಅಲ್ಲಿರುವುದು ಇನ್ನೂ ಆಗದ, ಮಾಡುವವನು ಮನಸ್ಸು ಮಾಡಿ ಮಾಡಬಹುದಾದ ಕೆಲಸವಾದರೆ ಅದು ಉದ್ದೇಶ. ಆಗಿಹೋದ ಸಂಗತಿಯೋ ಯಾರ ಹಿಡಿತಕ್ಕೂ ಸಿಗದ ಸ್ಥಿತಿಯೋ ಆದರೆ ಸಾಮಾನ್ಯವಾಗಿ ಕಾರಣ. 'ಇಕು ತಮೆ' ಹೋಗುವುದಕ್ಕೆ, 'ಇತ್ತ ತಮೆ' ಹೋದದ್ದಕ್ಕೆ. 'ನೆನೆದದ್ದಕ್ಕೆ ಜ್ವರ ಬಂತು' ಎನ್ನುವ ಕನ್ನಡಿಗರಿಗೆ ಈ ಸೂತ್ರ ಬಾಯಿಪಾಠವಾಗಬೇಕಿಲ್ಲ.

ಉದ್ದೇಶದೊಳಗೂ ಜಪಾನಿ ಇನ್ನೊಂದು ಗೆರೆ ಎಳೆಯುತ್ತದೆ. ಸಾಧಿಸುವುದು ನಮ್ಮ ಕೈಯಲ್ಲಿದ್ದರೆ 'ತಮೆ'. ಕಾಣುವುದು, ಕೇಳಿಸುವುದು, ಮರೆಯದಿರುವುದು, ಇನ್ನೊಬ್ಬರು ಮಾಡುವುದು ಇಂಥವಕ್ಕೆ ಮುಖ್ಯವಾಗಿ ರೀತಿ ಎಂಬರ್ಥದ 'ಯೋ'. ನಮ್ಮ 'ಹಾಗೆ' ಮಾಡುವುದೂ ಇದನ್ನೇ: ಮಗು ನಿದ್ದೆ ಮಾಡುವ ಹಾಗೆ ದೀಪ ಆರಿಸುತ್ತೇವೆ, ಆದರೆ ನಾವು ಪ್ರವಾಸ ಹೋಗುವ ಹಾಗೆ ದುಡ್ಡು ಉಳಿಸುವುದಿಲ್ಲ, ಹೋಗುವುದಕ್ಕೆ ಉಳಿಸುತ್ತೇವೆ. ನಿದ್ದೆ ಬರಿಸುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಅನುವು ಮಾಡಿಕೊಡುವುದಷ್ಟೇ ನಮ್ಮ ಪಾಲು.

ಗೆಲುವು ಯಾರ ಕೈಯಲ್ಲೂ ಇಲ್ಲ, ಆದರೂ ಜಪಾನಿಗಳು 'ಕತ್ಸು ತಮೆ' ಎನ್ನುತ್ತಾರಲ್ಲ ಎಂದು ಆಕ್ಷೇಪಿಸಬಹುದು. ನಿಜ, ಜೊತೆಗೆ 'ಕತೆರು ಯೋ' ಎಂದೂ ಹೇಳುತ್ತಾರೆ. ಮೊದಲನೆಯದು ಗೆಲ್ಲುವುದಕ್ಕೆ, ಎರಡನೆಯದು ಗೆಲ್ಲಲು ಸಾಧ್ಯವಾಗುವ ಹಾಗೆ. ಗೆಲುವು ಅದೇ, ಅದನ್ನು ಛಲವೆಂದು ನೋಡಬೇಕೋ ಸಾಧ್ಯತೆಯೆಂದು ನೋಡಬೇಕೋ ಎಂಬುದು ಮಾತಾಡುವವನ ಆಯ್ಕೆ. ಹಾಗಾಗಿ ವ್ಯಾಕರಣ ಅಳೆಯುವುದು ಲೋಕದಲ್ಲಿರುವ ಹಿಡಿತವನ್ನಲ್ಲ, ಹೇಳುವವನು ತನ್ನದೆಂದುಕೊಂಡ ಹಿಡಿತವನ್ನು.

ಇಷ್ಟು ಹೋಲಿಕೆಯಿದ್ದರೆ ಎರಡೂ ಒಂದೇ ಕುಲದ ಭಾಷೆಗಳೇ? ಜಪಾನಿಗೂ ಕನ್ನಡದ ಸೋದರ ಭಾಷೆಯಾದ ತಮಿಳಿಗೂ ನಂಟಿದೆಯೆಂದು ಜಪಾನಿನ ಭಾಷಾಶಾಸ್ತ್ರಜ್ಞ ಸುಸುಮು ಓನೊ ವಾದಿಸಿದ್ದರು. ಬಹುಪಾಲು ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ. ಎಡೆ, ದಿಕ್ಕು ತೋರಿಸುವ ಪ್ರತ್ಯಯಗಳು ಗುರಿ, ಕಾರಣಗಳಿಗೆ ಹರಡುವುದು ಸಂಬಂಧವಿಲ್ಲದ ಭಾಷೆಗಳಲ್ಲೂ ಕಾಣುವ ರೂಢಿ. ಜಪಾನಿಯ 'ಕರ' ನಮ್ಮ 'ಇಂದ'ದಂತೆ ಹೊರಟ ಊರನ್ನೂ ಹೇಳುತ್ತದೆ, ಕಾರಣವನ್ನೂ ಹೇಳುತ್ತದೆ. ಹೋಲಿಕೆಗೆ ಮಿತಿಯೂ ಇದೆ. 'ತಬೆ ನಿ ಇಕು', ಅಂದರೆ ತಿನ್ನೋಕೆ ಹೋಗು, ಎಂಬಲ್ಲಿನ ಬರೀ 'ನಿ' ಹೋಗು, ಬಾ ಎಂಬಂಥ ಚಲನೆಯ ಕ್ರಿಯಾಪದಗಳ ಜೊತೆಗಷ್ಟೇ ಸಲ್ಲುತ್ತದೆ. ನಮ್ಮ 'ಓಕೆ'ಗೆ ಆ ಕಟ್ಟಿಲ್ಲ. ಅಲ್ಲಿ ಎಚ್ಚರ ಬೇಕು. ಉಳಿದಂತೆ ಜಪಾನಿ ಕಲಿಯುವ ಕನ್ನಡಿಗರು ಇಂಗ್ಲಿಷಿನ ದಾರಿ ಸುತ್ತಬೇಕಿಲ್ಲ. ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು, 'ಕ್ಕೆ' ಬಂತೋ 'ಹಾಗೆ' ಬಂತೋ ಎಂದು ಕಿವಿಗೊಟ್ಟರೆ ಅರ್ಧ ದಾರಿ ಸವೆದಂತೆ.